ದೂರ ಗೊತ್ತಾಯಿತು, ಗಂಟೆ ಎಷ್ಟು?



ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಇದಕ್ಕೆ ಉತ್ತರ ಹೇಳಲು ಪರಿಣತರು ಬೇಕಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ. ಗೋಲದ ತ್ರಿಕೋನಮಿತಿಯ ಒಂದೇ ಒಂದು ಸೂತ್ರಕ್ಕೆ ಈ ನಾಲ್ಕು ಸಂಖ್ಯೆಗಳನ್ನು ಕೊಟ್ಟರೆ ಸುಮಾರು 14 ಸಾವಿರ ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. ಭೂಮಿ ಇರುವತನಕ ಈ ಉತ್ತರ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂದು ಕೇಳಿ ನೋಡಿ. ಒಬ್ಬರು 16 ಗಂಟೆ ಎನ್ನುತ್ತಾರೆ, ಇನ್ನೊಬ್ಬರು 22 ಎನ್ನುತ್ತಾರೆ, ಹೋದ ವರ್ಷ ಮಗಳ ಬಾಣಂತನಕ್ಕೆ ಹೋಗಿ ಬಂದವರು 30 ಎನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ದೂರವನ್ನು ಭೂಮಿತಿ ನಿರ್ಧರಿಸುತ್ತದೆ. ಹೊತ್ತನ್ನು ನಿರ್ಧರಿಸುವುದು ಮಾತ್ರ ಗಾಳಿ, ಎಂಜಿನ್, ಪರ್ವತ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಯಾವ ಸರ್ಕಾರಕ್ಕೆ ಯಾವ ಸರ್ಕಾರದೊಂದಿಗೆ ಮಾತು ಬಿಟ್ಟಿದೆ ಎಂಬುದು. ಈ ಉಪನ್ಯಾಸ ಆ ಎರಡನೆಯ ಲೆಕ್ಕದ ಬಗ್ಗೆ.

ಮೊದಲು ದಾರಿಯನ್ನೇ ನೋಡೋಣ. ಗೋಡೆಗೆ ತೂಗುಹಾಕಿದ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಬೆಂಗಳೂರಿನಿಂದ ಪೂರ್ವಕ್ಕೆ ಹೋಗಿ, ಪೆಸಿಫಿಕ್ ಸಾಗರದ ನಡುವಿನಿಂದ ಕ್ಯಾಲಿಫೋರ್ನಿಯಾ ತಲುಪಬೇಕು ಅನಿಸುತ್ತದೆ. ಶಾಲೆಯ ಗ್ಲೋಬ್ ತಂದು, ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೂ ಒತ್ತಿ ಹಿಡಿದು ಬಿಗಿಯಾಗಿ ಎಳೆದರೆ ಕಥೆಯೇ ಬೇರೆ. ದಾರ ಬೆಂಗಳೂರಿನಿಂದ ಪೂರ್ವಕ್ಕೆ ಹೊರಡುವುದೇ ಇಲ್ಲ. ಬಹುತೇಕ ಉತ್ತರಕ್ಕೆ, ಸ್ವಲ್ಪವೇ ಬಲಕ್ಕೆ ವಾಲಿ ಏಳುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ ದಾಟಿ ಸೈಬೀರಿಯಾ ಹೊಕ್ಕು, ಸುಮಾರು 71 ಡಿಗ್ರಿ ಉತ್ತರದಲ್ಲಿ ಆರ್ಕ್‌ಟಿಕ್ ಕರಾವಳಿಯನ್ನು ಸವರಿಕೊಂಡು, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಭೂಗೋಳದವರು ಇದನ್ನು ಮಹಾವೃತ್ತದ ದಾರಿ ಎನ್ನುತ್ತಾರೆ. ಗೋಲದ ಮೇಲೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. 1569ರಲ್ಲಿ ಮರ್ಕೇಟರ್ ತನ್ನ ನಕಾಶೆಯನ್ನು ಮಾಡಿದ್ದು ಹಡಗಿನವರ ದಿಕ್ಸೂಚಿಗಾಗಿ. ಅದು ಶಾಲೆಯ ಗೋಡೆ ಹತ್ತಿದ್ದರಿಂದ ನಮ್ಮಲ್ಲಿ ಬಹುತೇಕರಿಗೆ ಇವತ್ತಿಗೂ ಭೂಮಿಯ ನೆತ್ತಿ ಎಷ್ಟು ಚಿಕ್ಕದೆಂಬುದು ಮನಸ್ಸಿಗೆ ಹತ್ತುವುದಿಲ್ಲ.

ಅಂದಹಾಗೆ, ಈ ಎರಡು ಊರುಗಳು ಭೂಮಿಯ ಎರಡು ತುದಿಗಳು, ಒಂದರ ಅಡಿಯಲ್ಲಿ ಇನ್ನೊಂದು ಇದೆ ಎಂದು ಪತ್ರಿಕೆಗಳು ಬರೆದದ್ದುಂಟು. ಅದು ಉತ್ಸಾಹದ ಮಾತು. ಬೆಂಗಳೂರಿನ ಅಡಿಯಲ್ಲಿ ನೆಟ್ಟಗೆ ತೋಡಿಕೊಂಡು ಹೋದರೆ ಹೊರಬರುವುದು ಪೆರು ದೇಶದಿಂದ ಬಹುದೂರ, ಪೆಸಿಫಿಕ್ಕಿನ ನೀರಿನಲ್ಲಿ. ಭೂಮಿಯ ಮೇಲೆ ಯಾವುದೇ ಎರಡು ಜಾಗಗಳ ನಡುವೆ ಹೆಚ್ಚೆಂದರೆ 20 ಸಾವಿರ ಕಿಲೋಮೀಟರ್ ಅಂತರ ಇರಬಹುದು. ನಮ್ಮ ಜೋಡಿ ಅದರ ಶೇ. 70ರಷ್ಟು ಮಾತ್ರ. ಆದರೆ ಗಡಿಯಾರದ ಲೆಕ್ಕದಲ್ಲಿ ಮಾತ್ರ ಪತ್ರಿಕೆಗಳ ಮಾತು ಹೆಚ್ಚುಕಡಿಮೆ ನಿಜ: ಬೆಂಗಳೂರು ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದೆ.

ಈ ಎರಡು ಊರುಗಳ ನಡುವೆ ಎಲ್ಲೂ ನಿಲ್ಲದ ಮೊದಲ ವಿಮಾನ ಹೊರಟದ್ದು 2021ರ ಜನವರಿ 9ರ ಶನಿವಾರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೋದಿಂದ. ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್, 238 ಸೀಟು. ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ನಾಲ್ವರೂ ಮಹಿಳಾ ಪೈಲಟ್‌ಗಳು. ನಾಲ್ವರು ಯಾಕೆಂದರೆ, 17 ಗಂಟೆ ಒಂದೇ ಜೋಡಿ ಕೂತು ಹಾರಿಸಲು ನಿಯಮ ಬಿಡುವುದಿಲ್ಲ; ಇಬ್ಬರು ಹಾರಿಸುವಾಗ ಇಬ್ಬರು ಮಲಗುತ್ತಾರೆ. ವಿಮಾನ ಉತ್ತರ ಧ್ರುವದ ಕಡೆಯಿಂದ ಹಾರಿ ಸೋಮವಾರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿಯಿತು. ನಡುವಿನ ಭಾನುವಾರವನ್ನು ಪ್ರಯಾಣಿಕರು ಆಕಾಶದಲ್ಲೇ ಕಳೆದುಕೊಂಡರು.

ಅಂದು ಎರಡು ಅಂಕಿ ಓಡಾಡಿದವು. ಸಂಸ್ಥೆ ಹೇಳಿದ್ದು 13,993 ಕಿ.ಮೀ., ತಲೆಬರಹಗಳು ಹೇಳಿದ್ದು 16,000 ಕಿ.ಮೀ. ಮೊದಲನೆಯದು ಗೋಲದ ಮೇಲಿನ ನೇರ ದೂರ, ಎರಡನೆಯದು ವಿಮಾನ ಹಾರಿತೆಂದು ಹೇಳಲಾದ ದೂರ. ಧ್ರುವದ ನಡುನೆತ್ತಿಯನ್ನೇ ತುಳಿದುಕೊಂಡು ಬಂದರೂ ಲೆಕ್ಕಕ್ಕೆ ಸಿಗುವುದು ಸುಮಾರು 14,400. ಅಂದರೆ ಧ್ರುವದಾರಿ ಅತಿ ಹತ್ತಿರದ ದಾರಿಗಿಂತ 400 ಕಿ.ಮೀ. ಮಾತ್ರ ಸುತ್ತು. ಅಲ್ಲಿಂದಾಚೆಗೆ ಸೇರಿಕೊಳ್ಳುವ ಪ್ರತಿ ಕಿಲೋಮೀಟರಿಗೂ ಭೂಮಿತಿಯಲ್ಲದ ಒಂದು ಕಾರಣ ಇರುತ್ತದೆ.

ಮೊದಲ ಕಾರಣ ಗಾಳಿ.

ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ನದಿಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಎಂಬ ಹೆಸರು ಈಗ ಎಲ್ಲರಿಗೂ ಪರಿಚಿತ. ಚಳಿಗಾಲದಲ್ಲಿ ಇವುಗಳ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಇದನ್ನು ಮೊದಲು ಅಳೆದು ಬರೆದಿಟ್ಟವರಲ್ಲಿ ಜಪಾನಿನ ವಾಸಾಬುರೊ ಓಇಶಿ ಒಬ್ಬರು. ತಾತೆನೊ ಎಂಬಲ್ಲಿನ ವೀಕ್ಷಣಾಲಯದಿಂದ 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ಅದು ಸಾಗುವುದನ್ನು ದೂರದರ್ಶಕದಲ್ಲಿ ನೋಡುತ್ತ ಅವರು ಮೇಲಿನ ಗಾಳಿಯ ರಭಸ ಕಂಡುಹಿಡಿದರು. ಜಗತ್ತಿಗೆಲ್ಲ ತಿಳಿಯಲಿ ಎಂಬ ಸದಾಶಯದಿಂದ 1926ರಲ್ಲಿ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ವಿಶ್ವಭಾಷೆಯಾಗಲೆಂದು ಕಟ್ಟಿದ ಆ ಭಾಷೆಯನ್ನು ವಿಶ್ವ ಓದಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರುಗಳು ಜಪಾನಿನ ಮೇಲೆ ಎತ್ತರದಲ್ಲಿ ಹಾರಿ, ಗುರಿ ತಪ್ಪಿ ಕಂಗಾಲಾದ ಮೇಲೆಯೇ ಹೊರಗಿನವರಿಗೆ ಆ ಗಾಳಿಯ ಬಿಸಿ ತಟ್ಟಿತು. ಜಪಾನಿನವರು ಅದೇ ಗಾಳಿಗೆ ಬೆಂಕಿ ಬಲೂನುಗಳನ್ನು ಕಟ್ಟಿ ಪೆಸಿಫಿಕ್ ದಾಟಿಸಿ ಅಮೆರಿಕದವರೆಗೆ ಕಳಿಸಿದ್ದರು.

ಪ್ರಯಾಣದ ಹೊತ್ತಿನ ಮೇಲೆ ಇದರ ಪರಿಣಾಮ ಎಷ್ಟು? ಕಾಗದದ ಮೇಲಿನ ಲೆಕ್ಕ ಮಾಡಬಹುದು. ವಿಮಾನದ ಸ್ವಂತ ವೇಗ ಗಂಟೆಗೆ 900 ಕಿ.ಮೀ. ಎನ್ನೋಣ. ದಾರಿಯುದ್ದಕ್ಕೂ 150 ಕಿ.ಮೀ. ವೇಗದ ಗಾಳಿ ಬೆನ್ನಿಗಿದ್ದರೆ 14 ಸಾವಿರ ಕಿ.ಮೀ.ಗೆ 13 ಗಂಟೆ 20 ನಿಮಿಷ. ಅದೇ ಗಾಳಿ ಮುಖಕ್ಕಿದ್ದರೆ 18 ಗಂಟೆ 40 ನಿಮಿಷ. ವಿಮಾನ ಅದೇ, ದೂರ ಅದೇ. ಐದು ಗಂಟೆಗೂ ಮೀರಿದ ವ್ಯತ್ಯಾಸ. ನಿಜದ ಆಕಾಶದಲ್ಲಿ ಗಾಳಿ ಇಷ್ಟು ಶಿಸ್ತಾಗಿ ಬೀಸುವುದಿಲ್ಲ. ಆದರೂ ಇದು ಬರೀ ಕಾಗದದ ಮಾತಲ್ಲ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಗೆ ತಿರುಗಿಸಿತು. ದಾರಿ 1,400 ಕಿ.ಮೀ. ಉದ್ದವಾಗಿ 15,300 ಕಿ.ಮೀ. ಆಯಿತು. ತಲುಪಿದ್ದು ಮಾತ್ರ ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲೇ. ಭಾಗಾಕಾರ ಮಾಡಿದರೆ ಸರಾಸರಿ ವೇಗ ಗಂಟೆಗೆ 1,055 ಕಿ.ಮೀ.; ಅದರಲ್ಲಿ ಎಂಜಿನ್ನಿನ ಪಾಲು 900, ಉಳಿದದ್ದು ಗಾಳಿ ಕೊಟ್ಟ ಕೊಡುಗೆ. ದೂರದ ದಾರಿಯೇ ಬೇಗದ ದಾರಿ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗುವುದು ಕಷ್ಟ.

ಬೋಯಿಂಗ್ 777-200ಎಲ್‌ಆರ್ ಮಾದರಿಯದೇ ಇನ್ನೊಂದು ವಿಮಾನ 2005ರ ನವೆಂಬರಿನಲ್ಲಿ ಹಾಂಗ್‌ಕಾಂಗಿನಿಂದ ಲಂಡನ್ನಿಗೆ ಹೋಗಬೇಕಿತ್ತು. ಸಾಮಾನ್ಯರು ಪಶ್ಚಿಮಕ್ಕೆ ಹೋಗುತ್ತಾರೆ. ಬೋಯಿಂಗ್‌ನವರು ದಾಖಲೆ ಮಾಡಲೆಂದೇ ಪೂರ್ವಕ್ಕೆ ಹೊರಟು, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಎಲ್ಲವನ್ನೂ ದಾಟಿ 21,601 ಕಿ.ಮೀ. ಹಾರಿ 22 ಗಂಟೆ 42 ನಿಮಿಷಕ್ಕೆ ಲಂಡನ್ ಮುಟ್ಟಿದರು. ಇನ್ನು 2020ರ ಫೆಬ್ರವರಿಯಲ್ಲಿ ಸಿಯಾರಾ ಎಂಬ ಬಿರುಗಾಳಿ ಎದ್ದಾಗ, ಬ್ರಿಟಿಷ್ ಏರ್‌ವೇಸ್‌ನ ಒಂದು 747 ಅದರ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಯೊಳಗೆ ಬಂದಿತ್ತು: 4 ಗಂಟೆ 56 ನಿಮಿಷ. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ 1,300 ಕಿ.ಮೀ. ದಾಟಿತ್ತು. ಕೆಳಗೆ ಅದೇ ಬಿರುಗಾಳಿಗೆ ಸಿಕ್ಕಿ ಯುರೋಪಿನಲ್ಲಿ ನೂರಾರು ವಿಮಾನಗಳು ರದ್ದಾಗಿದ್ದವು.

ಗಾಳಿಯ ಜೊತೆ ಹೊಂದಿಕೊಳ್ಳಬಹುದು. ನೆಲದ ಜೊತೆ ಅಷ್ಟು ಸುಲಭವಲ್ಲ. ನಮ್ಮ ದಾರ ಟಿಬೆಟ್ಟಿನ ಮೇಲೆ ಹಾದುಹೋಯಿತಲ್ಲ, ಅಲ್ಲಿ ವಿಮಾನಗಳು ಹಾರಲು ಹಿಂಜರಿಯುತ್ತವೆ. ಹಿಮಾಲಯ ತಗುಲೀತು ಎಂಬ ಹೆದರಿಕೆಯಿಂದಲ್ಲ. ವಿಮಾನ ಎವರೆಸ್ಟಿಗಿಂತ ಮೇಲೆಯೇ ಇರುತ್ತದೆ. ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಕುಸಿದರೆ ತಲೆಯ ಮೇಲಿಂದ ಇಳಿಯುವ ಮಾಸ್ಕುಗಳಲ್ಲಿ ಆಮ್ಲಜನಕ ಬರುವುದು ಸುಮಾರು ಕಾಲು ಗಂಟೆ. ಅಷ್ಟರಲ್ಲಿ ಪೈಲಟ್ ವಿಮಾನವನ್ನು ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಸಬೇಕು. ಟಿಬೆಟ್ಟಿನ ನೆಲವೇ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ! ಇಳಿಯುವುದೆಲ್ಲಿಗೆ? ಹಾಗಾಗಿ ಅತಿ ಹತ್ತಿರದ ದಾರಿ ಹೊರಟ ಎರಡು ಮೂರು ಗಂಟೆಯೊಳಗೇ ಕೈಬಿಟ್ಟುಹೋಗುತ್ತದೆ.

ನಮ್ಮ ಕಡೆಯಲ್ಲೂ ಒಂದು ತೊಡಕಿದೆ, ಅದನ್ನು ಬೆಂಗಳೂರಿನವರು ಹೆಮ್ಮೆಯೆಂದೇ ಹೇಳಿಕೊಳ್ಳುತ್ತಾರೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಅದಕ್ಕೇ ಹವೆ ತಂಪು. ವಿಮಾನಕ್ಕೆ ಆ ಎತ್ತರವೆಂದರೆ ತೆಳುವಾದ ಗಾಳಿ. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. 777-200ಎಲ್‌ಆರ್ ವಿಮಾನ ಪೂರ್ತಿ ಭಾರ ಹೊತ್ತರೆ 347 ಟನ್ ತೂಗುತ್ತದೆ. 17 ಗಂಟೆಯ ಹಾರಾಟಕ್ಕೆ ಹೊರಡುವಾಗ ಅದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಂಧನವೇ ಇರುತ್ತದೆ. ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಗಂಟೆಯಿಂದಲೂ ಹೊರಬೇಕು, ಹೊರುವುದಕ್ಕೂ ಇಂಧನ ಉರಿಯಬೇಕು. ಏಪ್ರಿಲ್ ಮಧ್ಯಾಹ್ನ ಮುಂಬೈಯಂಥ ಕಡಲಮಟ್ಟದ ಊರಿನಿಂದ ಹೊರಡುವಷ್ಟು ಭಾರ ಹೊತ್ತು ದೇವನಹಳ್ಳಿಯಿಂದ ಏಳುವುದು ಆಗುವುದಿಲ್ಲ. ಒಂದೋ ಸರಕು ಬಿಡಬೇಕು, ಇಲ್ಲವೇ ಸೀಟು ಖಾಲಿ ಬಿಡಬೇಕು.

ಈಗ ಸರ್ಕಾರಗಳ ಪಾಲಿಗೆ ಬರೋಣ. ಆಕಾಶಕ್ಕೆ ಬೇಲಿ ಹಾಕುವುದು ಹೊಸ ರೋಗವೇನಲ್ಲ. ಇಂಗ್ಲೆಂಡಿನಿಂದ ಭಾರತಕ್ಕೆ ಮೊದಲ ನಿಯತ ವಿಮಾನ ಸೇವೆಯನ್ನು ಇಂಪೀರಿಯಲ್ ಏರ್‌ವೇಸ್ ಶುರುಮಾಡಿದ್ದು 1929ರ ಮಾರ್ಚ್ 30ರಂದು. ಲಂಡನ್ ಬಳಿಯ ಕ್ರಾಯ್ಡನ್‌ನಿಂದ ಕರಾಚಿಗೆ ಏಳು ದಿನ, 130 ಪೌಂಡ್ ಟಿಕೆಟ್. ಆದರೆ ವಿಮಾನದ ಟಿಕೆಟ್ ಕೊಂಡವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇಳಿದು, ಇಟಲಿಯ ಜಿನೋವಾದವರೆಗೆ ರೈಲಿನಲ್ಲಿ ಹೋಗಬೇಕಿತ್ತು. ಫ್ರಾನ್ಸ್ ಕಡೆಯಿಂದ ಬ್ರಿಟಿಷ್ ವಿಮಾನ ಒಳಬರಲು ಇಟಲಿ ಒಪ್ಪಿರಲಿಲ್ಲ. ಜಿನೋವಾದಿಂದ ಅಲೆಕ್ಸಾಂಡ್ರಿಯಾಕ್ಕೆ ನೀರಿನ ಮೇಲೆ ಇಳಿಯುವ ವಿಮಾನ, ಅಲ್ಲಿಂದ ಮತ್ತೊಂದು ವಿಮಾನ. ಮೂರು ವರ್ಷ ಕಳೆಯುವಷ್ಟರಲ್ಲಿ ಪರ್ಷಿಯಾವೂ ತನ್ನ ಕರಾವಳಿಯ ಮೇಲೆ ಹಾರಬೇಡಿ ಎಂದಿತು. ದಾರಿ ಅರೇಬಿಯಾದ ದಡಕ್ಕೆ ಸರಿಯಿತು. ಶಾರ್ಜಾದ ಮರಳಿನಲ್ಲಿ ವಿಮಾನ ಇಳಿಯಲು ಶುರುವಾದದ್ದು ಹಾಗೆ, 1932ರಲ್ಲಿ.

ಆಕಾಶ ಮುಚ್ಚಿಕೊಂಡಾಗಿನ ವಿಚಿತ್ರ ಹಾರಾಟವೆಂದರೆ ಯುದ್ಧಕಾಲದ ಪರ್ತ್–ಸಿಲೋನ್ ಸೇವೆ. ಸಿಂಗಾಪುರ ಜಪಾನೀಯರ ವಶವಾದ ಮೇಲೆ ಆಸ್ಟ್ರೇಲಿಯಾಕ್ಕೂ ಲಂಡನ್ನಿಗೂ ಇದ್ದ ವಿಮಾನದ ಕೊಂಡಿ ಕಡಿದುಹೋಗಿತ್ತು. 1943ರಿಂದ 1945ರವರೆಗೆ ಕ್ವಾಂಟಾಸ್ ಸಂಸ್ಥೆ ಕ್ಯಾಟಲಿನಾ ಎಂಬ ನೀರುವಿಮಾನಗಳನ್ನು ಪರ್ತ್‌ನಿಂದ ಗಾಲೆ ಸಮೀಪದ ಕೊಗ್ಗಲಕ್ಕೆ ಹಾರಿಸಿತು. ಐದೂವರೆ ಸಾವಿರ ಕಿಲೋಮೀಟರಿಗೂ ಮೀರಿದ ಸಮುದ್ರ, ರೇಡಿಯೊ ಬಾಯಿಮುಚ್ಚಿಕೊಂಡಿರಬೇಕು, ನಕ್ಷತ್ರ ನೋಡಿ ದಾರಿ ಹಿಡಿಯಬೇಕು. ಇಂಧನವೇ ಅಷ್ಟು ತೂಗುತ್ತಿದ್ದುದರಿಂದ ಮೂವರು ಪ್ರಯಾಣಿಕರಿಗೆ ಮಾತ್ರ ಜಾಗ. 27ರಿಂದ 33 ಗಂಟೆ ಬೇಕಾಗುತ್ತಿತ್ತು. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದರಿಂದ ಅದಕ್ಕೆ ‘ಡಬಲ್ ಸನ್‌ರೈಸ್’ ಎಂದೇ ಹೆಸರಾಯಿತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಇರುವ ದೂರದ ಅರ್ಧವೂ ಅಲ್ಲ ಅದು; ಆದರೂ ಗಾಳಿಯಲ್ಲಿ ಕಳೆದ ಹೊತ್ತು ಅದರ ಸುಮಾರು ಎರಡರಷ್ಟು.

ಆಮೇಲೆ ಶೀತಲ ಸಮರ. ಸೋವಿಯತ್ ಒಕ್ಕೂಟ ಸೈಬೀರಿಯಾದ ಆಕಾಶವನ್ನು ಪಶ್ಚಿಮದವರಿಗೆ ಸಲೀಸಾಗಿ ಬಿಟ್ಟುಕೊಡಲಿಲ್ಲ. ಯುರೋಪಿನಿಂದ ಜಪಾನಿಗೆ ಹೋಗುವ ವಿಮಾನಗಳು ಧ್ರುವ ಸುತ್ತಿಕೊಂಡು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗುತ್ತಿದ್ದವು. ಹಿಮದ ನಡುವಿನ ಆ ನಿಲ್ದಾಣದಲ್ಲಿ ಜಪಾನೀ ಪ್ರಯಾಣಿಕರಿಗಾಗಿಯೇ ಉದೊನ್ ಶ್ಯಾವಿಗೆಯ ಅಂಗಡಿ ಇತ್ತು. ಒಂದು ತಲೆಮಾರಿನ ಜಪಾನೀಯರಿಗೆ ಯುರೋಪ್ ಪ್ರವಾಸವೆಂದರೆ ನಡುರಾತ್ರಿ ಆಂಕರೇಜ್‌ನಲ್ಲಿ ಬಿಸಿಬಿಸಿ ಉದೊನ್. ಅದೇ ಆಂಕರೇಜ್‌ನಿಂದ ಸೋಲ್‌ಗೆ ಹೊರಟ ಕೊರಿಯಾದ 007 ಸಂಖ್ಯೆಯ ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶ ಹೊಕ್ಕಿತು. 1983ರ ಸೆಪ್ಟೆಂಬರ್ 1ರಂದು ಅದನ್ನು ಹೊಡೆದುರುಳಿಸಲಾಯಿತು. 269 ಜನ ಸತ್ತರು. ಜಿಪಿಎಸ್ ವ್ಯವಸ್ಥೆಯನ್ನು ನಾಗರಿಕರ ಬಳಕೆಗೂ ಬಿಡುತ್ತೇವೆಂದು ಅಮೆರಿಕ ಸಾರಿದ್ದು ಅದರ ಬೆನ್ನಿಗೇ.

ಸೋವಿಯತ್ ಒಕ್ಕೂಟ ಹೋಯಿತು, ಸೈಬೀರಿಯಾ ತೆರೆಯಿತು, ಆಂಕರೇಜ್‌ನ ಪ್ರಯಾಣಿಕರ ಸಂದಣಿ ಕರಗಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಬಾಗಿಲು ಮತ್ತೆ ಹಾಕಿತು. ಇದರ ಪೆಟ್ಟು ಹೆಚ್ಚು ಬಿದ್ದದ್ದು ಫಿನ್ಲೆಂಡಿನ ಫಿನ್‌ಏರ್‌ಗೆ. ಏಷ್ಯಾಕ್ಕೆ ನಾವೇ ಹತ್ತಿರ ಎಂಬುದರ ಮೇಲೇ ಆ ಸಂಸ್ಥೆ ವ್ಯಾಪಾರ ಕಟ್ಟಿಕೊಂಡಿತ್ತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆ ಇದ್ದದ್ದು ಒಂದೇ ಏಟಿಗೆ 13 ಗಂಟೆಯಾಯಿತು. 1983ರಲ್ಲಿ ಡಿಸಿ-10 ವಿಮಾನದಲ್ಲಿ ಧ್ರುವ ಸುತ್ತಿ ಹೋಗುವಾಗಲೂ ಅವರಿಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತಿತ್ತು. ಊರುಗಳು ಇದ್ದಲ್ಲೇ ಇವೆ. 40 ವರ್ಷದ ತಂತ್ರಜ್ಞಾನದ ಗಳಿಕೆ ಒಂದು ಆದೇಶದಲ್ಲಿ ಅಳಿಸಿಹೋಯಿತು.

ಬೆಂಗಳೂರಿಗೂ ಬಿಸಿ ತಟ್ಟಿತು. ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನವನ್ನು 2020ರಲ್ಲೇ ಘೋಷಿಸಿತ್ತು. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ತರುವುದಾಗಿ ಹೇಳಿತ್ತು. ಮೊದಲು ಕೋವಿಡ್ ಅಡ್ಡ ಬಂತು. ಅದು ಸರಿಯುವಷ್ಟರಲ್ಲಿ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತ್ತು. ಗ್ಲೋಬ್ ಮೇಲಿನ ದಾರದ ಸುಮಾರು ಕಾಲು ಭಾಗ ಬಿದ್ದಿರುವುದು ರಷ್ಯಾದ ಮೇಲೆ. ಆ ಎರಡು ಸೇವೆಗಳು ಹಾರಲೇ ಇಲ್ಲ. ಭಾರತದ ವಿಮಾನಗಳಿಗೆ ಆ ನಿರ್ಬಂಧ ಇರಲಿಲ್ಲವಾದ್ದರಿಂದ ಏರ್ ಇಂಡಿಯಾಗೆ ಕೆಲಕಾಲ ಅನುಕೂಲವೇ ಆಯಿತು. 2025ರ ಏಪ್ರಿಲ್ 24ರಿಂದ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಲೆಕ್ಕ ತಲೆಕೆಳಗಾಯಿತು. ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೋಗುವ ವಿಮಾನಗಳು ಅರಬ್ಬಿ ಸಮುದ್ರದ ಕಡೆ ಸುತ್ತಿ, ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಂಧನಕ್ಕಾಗಿ ಇಳಿಯಬೇಕಾಯಿತು.

ತೆರೆದ ಆಕಾಶವೂ ಸುಖದ ದಾರಿಯೇನಲ್ಲ. 2023ರ ಜೂನ್ ಮೊದಲ ವಾರ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್ನಿನಲ್ಲಿ ದೋಷ ಕಂಡುಬಂದು ಅದು ರಷ್ಯಾದ ಪೂರ್ವದಂಚಿನ ಮಗಡಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಮಗಡಾನ್ ಎಂದರೆ ಸ್ಟಾಲಿನ್ ಕಾಲದಲ್ಲಿ ಕೈದಿಗಳನ್ನು ಕೊಲಿಮಾದ ಗಣಿಗಳಿಗೆ ಸಾಗಿಸಲು ಕಟ್ಟಿದ ಬಂದರು ಊರು. ಅಷ್ಟು ಜನಕ್ಕಾಗುವಷ್ಟು ಹೋಟೆಲ್ ಕೋಣೆಗಳು ಅಲ್ಲಿರಲಿಲ್ಲ. ಹಲವರು ಹಾಸ್ಟೆಲ್ ಕೋಣೆಗಳಲ್ಲಿ, ನೆಲದ ಮೇಲೆ ಹಾಸಿದ ಹಾಸಿಗೆಗಳಲ್ಲಿ ಮಲಗಿದರು. ಭಾಷೆ ಬಾರದು, ಕಾರ್ಡ್ ನಡೆಯದು. ಅಮೆರಿಕದ ಪಾಸ್‌ಪೋರ್ಟ್ ಇದ್ದವರ ಪರದಾಟ ಬೇರೆಯೇ. ಮುಂಬೈಯಿಂದ ಇನ್ನೊಂದು ವಿಮಾನ ಬಂದು ಕರೆದೊಯ್ಯುವಷ್ಟರಲ್ಲಿ ಒಂದು ದಿನಕ್ಕೂ ಹೆಚ್ಚು ಕಳೆದಿತ್ತು.

ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದರ ಬಲದಲ್ಲೇ ಯಾವುದಾದರೊಂದು ನಿಲ್ದಾಣ ಮುಟ್ಟುವಂತಿರಬೇಕು ಎಂಬುದೇ ಎರಡು ಎಂಜಿನ್ನಿನ ವಿಮಾನಗಳ ಕಟ್ಟಳೆ. 1953ರಲ್ಲಿ ಅಮೆರಿಕ ಇದಕ್ಕೆ 60 ನಿಮಿಷದ ಮಿತಿ ಹಾಕಿತ್ತು. 1985ರಲ್ಲಿ ಅದು 120 ಆಯಿತು, ಆಮೇಲೆ 180. 2011ರಲ್ಲಿ ಬೋಯಿಂಗ್ 777ಕ್ಕೆ 330 ನಿಮಿಷದವರೆಗೆ ಅನುಮತಿ ಸಿಕ್ಕಿತು: ಐದೂವರೆ ಗಂಟೆ ಒಂದೇ ಎಂಜಿನ್ನಿನಲ್ಲಿ! ಧ್ರುವದ ದಾರಿಗೆ ಇನ್ನೂ ಬೇರೆ ಶರತ್ತುಗಳಿವೆ. ಅಲ್ಲಿ ಅಯಸ್ಕಾಂತದ ದಿಕ್ಸೂಚಿ ಕೆಲಸಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ತುಂಬಿಸುವ ಜೆಟ್-ಎ ಇಂಧನ ಮೈನಸ್ 40 ಡಿಗ್ರಿಗೆ ಹೆಪ್ಪುಗಟ್ಟತೊಡಗುತ್ತದೆ, ಹೊರಗಿನ ಗಾಳಿ ಚಳಿಗಾಲದಲ್ಲಿ ಅದಕ್ಕಿಂತಲೂ ತಣ್ಣಗಿರುತ್ತದೆ. ಟ್ಯಾಂಕಿನ ಉಷ್ಣಾಂಶ ಇಳಿಯುತ್ತ ಬಂದರೆ ಪೈಲಟ್‌ಗಳು ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸಿ ಘರ್ಷಣೆಯಿಂದ ರೆಕ್ಕೆಯನ್ನು ಬಿಸಿಯಾಗಿಸುತ್ತಾರೆ. ಅಮೆರಿಕದ ನಿಯಮದಂತೆ ಧ್ರುವದ ಮೇಲೆ ಹಾರುವ ವಿಮಾನದಲ್ಲಿ ಕೊರೆಯುವ ಚಳಿಯ ಉಡುಪು ಕನಿಷ್ಠ ಎರಡು ಜೊತೆ ಇರಬೇಕು. ನೂರಾರು ಪ್ರಯಾಣಿಕರಿಗೆ ಎರಡು ಜೊತೆ ಯಾಕೆಂದು ಕೇಳಬಹುದು. ಅವು ಪ್ರಯಾಣಿಕರಿಗಲ್ಲ, ತುರ್ತಾಗಿ ಇಳಿದಾಗ ಬಾಗಿಲು ತೆರೆದು ಹೊರಗೆ ಓಡಾಡಬೇಕಾದ ಸಿಬ್ಬಂದಿಗೆ.

ಇಷ್ಟೆಲ್ಲ ಹೇಳುವಾಗ ಇನ್ನೂ ವೇಗದ ವಿಮಾನದ ಮಾತೇ ಬರಲಿಲ್ಲ. ಬರದಿರಲು ಕಾರಣವಿದೆ. ಏರ್ ಇಂಡಿಯಾ 1960ರ ಮೇ ತಿಂಗಳಲ್ಲಿ ಬೋಯಿಂಗ್ 707ರಲ್ಲಿ ನ್ಯೂಯಾರ್ಕಿಗೆ ಸೇವೆ ಆರಂಭಿಸಿತು. ಅದರ ವೇಗ ಗಂಟೆಗೆ ಹೆಚ್ಚುಕಡಿಮೆ 900 ಕಿ.ಮೀ. ಇವತ್ತಿನ ವಿಮಾನದ್ದೂ ಅಷ್ಟೇ. ನಡುವೆ ಶಬ್ದದ ಎರಡರಷ್ಟು ವೇಗದಲ್ಲಿ ಹಾರುವ ಕಾಂಕಾರ್ಡ್ ಬಂತು, 2003ರಲ್ಲಿ ನಿವೃತ್ತಿಯಾಯಿತು. ಅರವತ್ತು ವರ್ಷಗಳಲ್ಲಿ ಪ್ರಯಾಣದ ಹೊತ್ತು ಕಡಿಮೆಯಾಗಿದ್ದು ವಿಮಾನ ಬೇಗ ಹಾರಿದ್ದರಿಂದಲ್ಲ, ನಡುವೆ ನಿಲ್ಲುವುದನ್ನು ಬಿಟ್ಟಿದ್ದರಿಂದ. ಸಿಂಗಾಪುರ–ನ್ಯೂಯಾರ್ಕ್ ನಡುವಿನ 15,300 ಕಿ.ಮೀ. ದಾರಿಯನ್ನು ಈಗ ಏರ್‌ಬಸ್ ಎ350 ಒಂದೇ ನೆಗೆತಕ್ಕೆ ದಾಟುತ್ತದೆ. ಸಿಡ್ನಿಯಿಂದ ಲಂಡನ್ನಿಗೆ ನಿಲ್ಲದೆ ಹಾರುವ ಯೋಜನೆಗೆ ಕ್ವಾಂಟಾಸ್ ವಿಶೇಷ ಎ350 ವಿಮಾನಗಳನ್ನು ಮಾಡಿಸುತ್ತಿದೆ. 2019ರಲ್ಲಿ ಕೆಲವೇ ಜನರನ್ನು ಕೂರಿಸಿಕೊಂಡು ನಡೆಸಿದ ಪ್ರಯೋಗದಲ್ಲಿ ಲಂಡನ್–ಸಿಡ್ನಿಗೆ 19 ಗಂಟೆ 19 ನಿಮಿಷ ಹಿಡಿದಿತ್ತು.

ನಿಲ್ಲುವುದರ ಬೆಲೆಯೇನು ಎಂಬುದನ್ನು ನಮ್ಮ ಜೋಡಿ ಊರುಗಳಲ್ಲೇ ನೋಡಬಹುದು. ದುಬೈ ಮೂಲಕ ಹೋದರೆ ಒಟ್ಟು ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ ಸುಮಾರು 16,500, ಸಿಂಗಾಪುರ ಮೂಲಕ ಸುಮಾರು 16,800. ಹೆಚ್ಚಾಗುವ ದೂರಕ್ಕೆ ಎರಡು ಮೂರು ಗಂಟೆ ಸಾಕು. ಆದರೆ ಒಟ್ಟು ಪ್ರಯಾಣ 22, 24 ಗಂಟೆಗೆ ಹೋಗುತ್ತದೆ. ಉಳಿದದ್ದೆಲ್ಲ ಇಳಿಯುವುದು, ತಪಾಸಣೆ, ಗೇಟು ಹುಡುಕುವುದು, ಕಾಯುವುದು. ಮೂವತ್ತರ ಹರೆಯದ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಅದು ಒಂದು ಕಾಫಿಯ ಹೊತ್ತು. ಮಗನ ಮನೆಗೆ ಮೊದಲ ಸಲ ಒಬ್ಬರೇ ಹೊರಟ ಧಾರವಾಡದ ತಾಯಿಗೆ ಹಾಗಲ್ಲ. ಹೊರಡುವ ವಾರವಿಡೀ ಫೋನಿನಲ್ಲಿ ಒಂದೇ ಪಾಠ: “ಅವ್ವಾ, ದುಬೈದಾಗ ಇಳಿದ ಮ್ಯಾಲೆ ನೀ ಎಲ್ಲೂ ಅಡ್ಡಾಡಬ್ಯಾಡ. ವ್ಹೀಲ್‌ಚೇರ್ ತಗೊಂಡು ಒಬ್ಬಾಂವ ಬರ್ತಾನ. ಅಂವ ಬರೋತನಾ ಅಲ್ಲೇ ಕೂತಿರು.” ಭಾರತದಿಂದ ಅಮೆರಿಕಕ್ಕೆ ಹೋಗುವ ವಿಮಾನಗಳ ಬಾಗಿಲಲ್ಲಿ ಗಾಲಿಕುರ್ಚಿಗಳ ಸಾಲು ಅಷ್ಟು ಉದ್ದವಿರುವುದನ್ನು ನೋಡಿ ವಿದೇಶೀಯರು ನಗುತ್ತಾರೆ. ಕುರ್ಚಿ ಬೇಕಾಗಿರುವುದು ಎಷ್ಟೋ ಸಲ ಕಾಲಿಗಲ್ಲ, ಇಂಗ್ಲಿಷಿಗೆ. ಚಟ್ನಿಪುಡಿಯ ಡಬ್ಬಿಯ ಬಗ್ಗೆ ಪರದೇಶದ ತಪಾಸಣೆಯವನಿಗೆ ಸಮಜಾಯಿಷಿ ಕೊಡಲು ಜೊತೆಗೊಬ್ಬ ಬೇಕು, ಅಷ್ಟೆ. ನಿಲ್ಲದೆ ಹಾರುವ ವಿಮಾನ ಉಳಿಸುವುದು ಏಳು ಗಂಟೆಯನ್ನಲ್ಲ, ಆ ವಾರದ ನಿದ್ದೆಯನ್ನು.

ಗಡಿಯಾರ ಮಾಡುವ ಕಣ್ಕಟ್ಟು ಇನ್ನೊಂದಿದೆ. ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆಗೆ ದೇವನಹಳ್ಳಿಯಿಂದ ಹೊರಟು 16 ಗಂಟೆ ಹಾರಿದವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವಾಗ ಅಲ್ಲಿ ಅದೇ ದಿನದ ಸಂಜೆ ಐದು. ಟಿಕೆಟ್ ನೋಡಿದವರಿಗೆ ಎರಡೂವರೆ ಗಂಟೆಯ ಪ್ರಯಾಣ ಅನಿಸುತ್ತದೆ, ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟು. ದೇಹ ಈ ಕಣ್ಕಟ್ಟಿಗೆ ಬೀಳುವುದಿಲ್ಲ. ಒಂದು ಗಂಟೆಯ ವ್ಯತ್ಯಾಸಕ್ಕೆ ಹೊಂದಿಕೊಳ್ಳಲು ಹೆಚ್ಚುಕಡಿಮೆ ಒಂದು ದಿನ ಬೇಕೆಂಬುದು ವೈದ್ಯರ ಅಂದಾಜು ಲೆಕ್ಕ. ಹಗಲು ರಾತ್ರಿಯೇ ಅದಲುಬದಲಾಗುವ ಈ ಪ್ರಯಾಣದಲ್ಲಿ ಹದಿನೈದು ದಿನದ ರಜೆಗೆ ಬಂದವರು ನಿದ್ದೆ ಸರಿಹೋಗುವ ಹೊತ್ತಿಗೆ ವಾಪಸು ಹೊರಟಿರುತ್ತಾರೆ.

ಕೊನೆಗೆ ಮನೆಯಿಂದ ಮನೆಗೆ ಲೆಕ್ಕ ಹಾಕೋಣ. ಆ ಧಾರವಾಡದ ತಾಯಿಗೆ ಎಲ್ಲೂ ನಿಲ್ಲದ ವಿಮಾನವೇ ಸಿಕ್ಕಿತೆಂದುಕೊಂಡರೂ ವಂದೇ ಭಾರತ್ ರೈಲಿನಲ್ಲಿ ಬೆಂಗಳೂರು ಮುಟ್ಟಲು ಆರು ಗಂಟೆಗೂ ಹೆಚ್ಚು ಬೇಕು. ಮೆಜೆಸ್ಟಿಕ್ಕಿನಿಂದ ವಾಯುವಜ್ರ ಬಸ್ಸಿನಲ್ಲಿ ದೇವನಹಳ್ಳಿಗೆ ಒಂದೂವರೆ ಗಂಟೆ. ಹೆಬ್ಬಾಳದ ಮೇಲ್ಸೇತುವೆ ಕೃಪೆ ತೋರಿದರೆ. ಚೆಕ್‌ಇನ್, ಇಮಿಗ್ರೇಷನ್‌ಗೆ ಮೂರು ಗಂಟೆ ಮುಂಚೆ ಬರಬೇಕು. ವಿಮಾನ 16 ಗಂಟೆ. ಅಲ್ಲಿಳಿದು ಸಾಲಿನಲ್ಲಿ ನಿಂತು, ಪೆಟ್ಟಿಗೆ ಹುಡುಕಿ ಹೊರಬರಲು ಎರಡು ಗಂಟೆ, ಸನ್ನಿವೇಲ್‌ನಲ್ಲಿರುವ ಮಗನ ಮನೆ ತಲುಪಲು ಇನ್ನೊಂದು. ಒಟ್ಟು 30 ಗಂಟೆ ಮುಟ್ಟಿತು. 14 ಸಾವಿರ ಕಿ.ಮೀ. ಆಕಾಶಕ್ಕೆ ಅದರಲ್ಲಿ ಅರ್ಧ ಸಾಕಾಯಿತು. ನೆಲದ ಮೇಲಿನ ಐನೂರು ಚಿಲ್ಲರೆ ಕಿಲೋಮೀಟರ್ ಉಳಿದರ್ಧವನ್ನು ನುಂಗಿತು. ವಿಮಾನ ಸಂಸ್ಥೆಗಳು ಗಾಳಿಯ ಬೆನ್ನು ಹಿಡಿದು, ಧ್ರುವ ದಾಟಿ, ಟನ್ನುಗಟ್ಟಲೆ ಇಂಧನ ಸುಟ್ಟು ಉಳಿಸುವ ಅರ್ಧ ಗಂಟೆಯನ್ನು ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳದ ಮೇಲಿಂದ ವಿಮಾನ ನಿಲ್ದಾಣಕ್ಕೆ ಕಟ್ಟುತ್ತಿರುವ ನಮ್ಮ ಮೆಟ್ರೊದ ನೀಲಿ ಮಾರ್ಗವೂ ಉಳಿಸಬಲ್ಲದು. ಅದು ಓಡುವತನಕ ಧಾರವಾಡದಿಂದ ಬರುವವರು ಮೆಜೆಸ್ಟಿಕ್‌ವರೆಗೆ ಬರದೆ ಯಶವಂತಪುರದಲ್ಲೇ ಇಳಿದುಕೊಳ್ಳುವುದು ಮೇಲು.